ಬೀಬಿಜಾನಳ ಚೀಲ

ಮಗುವಿಗೆ ಉಣಿಸುವುದರಲ್ಲಿ ಉಡಚಮ್ಮನನ್ನು ಮೀರಿಸುವವರಿಲ್ಲ ಎಂದು ವಿದ್ಯಾನಗರದ ಆ ಹಿಂದಿನ ಓಣಿಯಲ್ಲಿ ಹೆಸರಾಗಿತ್ತು. ಬೇರೆ ಮನೆಗಳಲ್ಲಿ ತಾಯಂದಿರು ತಟ್ಟೆ ಹಿಡಿದು ಮಕ್ಕಳ ಹಿಂದೆ ಗೇಟಿನವರೆಗೆ, ಗೇಟಿನಿಂದ ತಾರಸಿಯವರೆಗೆ ಓಡುತ್ತಿದ್ದರೆ, ಉಡಚಮ್ಮನ ಮೊಮ್ಮಗಳು ನೇತ್ರಾವತಿ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಒಂದು ಬಟ್ಟಲು ಅನ್ನ ಸಾರನ್ನು ಕಾಲು ಗಂಟೆಯಲ್ಲಿ ಮುಗಿಸುತ್ತಿದ್ದಳು. ಸೊಸೆ ಸುನೀತಾ ಖಾಸಗಿ ಆಸ್ಪತ್ರೆಯೊಂದರ ಬಿಲ್ ಕೌಂಟರಿನಲ್ಲಿ ದುಡಿದು ಸಂಜೆ ಮನೆಗೆ ಬಂದವಳು ತೊಳೆದಿಟ್ಟ ಬಟ್ಟಲು ನೋಡಿ, "ಅದೇನು ಮಂತ್ರ ಹಾಕ್ತೀರೋ ಅತ್ತೆ, ನನ್ನ ಕೈಯಾಗೆ ಒಂದು ತುತ್ತೂ ತಿನ್ನಲ್ಲ ನೋಡ್ರಿ" ಅನ್ನುತ್ತಿದ್ದಳು. ಉಡಚಮ್ಮ ಸೆರಗಿಗೆ ಕೈ ಒರೆಸಿಕೊಂಡು ನಗುತ್ತಿದ್ದಳು. ಮಂತ್ರ ಯಾವುದೆಂದು ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಆ ಮಂತ್ರದ ಹೆಸರು ಬೀಬಿಜಾನ್. ಹರಿಹರದಿಂದ ಬೆಳಗಿನ ಬಸ್ಸಿಗೆ ಬಂದು ದಾವಣಗೆರೆಯ ಓಣಿಗಳಲ್ಲಿ ತಲೆಗೂದಲು ಕೊಳ್ಳುತ್ತಿದ್ದ, ಮೂಗಿಗೆ ಕಲ್ಲಿನ ನತ್ತಿಟ್ಟ ಹೆಂಗಸು ಆಕೆ. ಓಣಿಯ ಹೆಂಗಸರು ತಲೆ ಬಾಚಿಕೊಂಡಾಗ ಉದುರಿದ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಪ್ಲಾಸ್ಟಿಕ್ ಕವರಿಗೆ ತುರುಕಿ ಕಿಟಕಿಯ ಮೂಲೆಯಲ್ಲಿಡುತ್ತಿದ್ದರು. ಹದಿನೈದು ದಿನಕ್ಕೊಮ್ಮೆ "ಕೂದ್ಲಾ... ತಲೆಗೂದ್ಲಾ..." ಎಂಬ ಕೂಗು ಕೇಳಿದರೆ ಕವರು ಹೊರಗೆ ಬರುತ್ತಿತ್ತು. ಬದಲಿಗೆ ಬಟ್ಟೆಪಿನ್ನು, ಬಾಚಣಿಗೆ, ಕೂದಲು ಜಾಸ್ತಿಯಿದ್ದರೆ ಒಂದು ಸ್ಟೀಲ್ ಬಟ್ಟಲು. ನೇತ್ರಿ ಉಣ್ಣುತ್ತಿದ್ದ ಬಟ್ಟಲೂ ಹಾಗೆ ಬಂದದ್ದೇ.

ಮಗುವಿಗೆ ಎರಡು ವರ್ಷ ತುಂಬಿದ ಹೊತ್ತಿನಲ್ಲಿ ಒಂದು ದಿನ ಅದು ಬಾಯಲ್ಲಿಟ್ಟ ಅನ್ನವನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಕೂತುಬಿಟ್ಟಿತು. ಅರ್ಧ ಗಂಟೆಯಾದರೂ ನುಂಗಲಿಲ್ಲ. ಗೇಟಿನ ಹತ್ತಿರ ಬೀಬಿಜಾನ್ ನಿಂತಿದ್ದಳು. ಉಡಚಮ್ಮನಿಗೆ ತಟ್ಟನೆ ಹೊಳೆಯಿತು.

"ನೋಡಿಲ್ಲಿ ನೇತ್ರಿ, ಈಕಿ ಯಾರು ಗೊತ್ತೇನು? ಉಣ್ಣದ ಹುಡುಗ್ರನ್ನ ಚೀಲದಾಗೆ ಹಾಕ್ಕೊಂಡು ಹೋಗಾಕಿ. ಅವರ ತಲೆ ಎಲ್ಲಾ ಆ ಚೀಲದಾಗೆ ಅದಾವೆ."

ಹೇಳಿ ಬೀಬಿಜಾನಳಿಗೆ ಕಣ್ಸನ್ನೆ ಮಾಡಿದಳು. ಬೀಬಿಜಾನ್ ಇಂಥದ್ದಕ್ಕೆ ಹೊಸಬಳಲ್ಲ. ಚೀಲ ಕೆಳಗಿಟ್ಟು, ಬಾಯಿಗೆ ಕಟ್ಟಿದ ದಾರ ಬಿಚ್ಚಿ, ಮಗುವಿನ ಕಡೆಗೆ ಸ್ವಲ್ಪವೇ ವಾಲಿಸಿದಳು. ಒಳಗೆ ಕಪ್ಪಗೆ ಮುದ್ದೆ ಮುದ್ದೆ ಕೂದಲು. "ಬರ್ತೀಯೇನು ಬೇಟಿ? ಇನ್ನೊಂದಕ್ಕೆ ಜಾಗ ಐತೆ" ಅಂದಳು.

ನೇತ್ರಿ ಗುಳುಕ್ಕನೆ ನುಂಗಿತು. ಇಬ್ಬರು ಹೆಂಗಸರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಬೀಬಿಜಾನ್ ಬರಬೇಕೆಂದೂ ಇರಲಿಲ್ಲ; ಕಿಟಕಿಯ ಮೂಲೆಯ ಕವರನ್ನು ಬೆರಳಿನಿಂದ ತಟ್ಟಿದರೆ ಸಾಕು, ಬಟ್ಟಲು ಖಾಲಿಯಾಗುತ್ತಿತ್ತು.

ಇದರಲ್ಲಿ ಒಂದು ಮುಳ್ಳಿತ್ತು. ಮಗುವಿಗೆ ವರ್ಷ ತುಂಬುವ ಮೊದಲೇ ಉಡಚಮ್ಮ ಅದನ್ನು ಎಮ್ಮೆ ತೋರಿಸಿ ಹೆದರಿಸಿದ್ದಕ್ಕೆ ಸುನೀತಾ ರಂಪ ಮಾಡಿದ್ದಳು. "ಮಗೀನ ಹೆದರಿಸಿ ಬೆಳೆಸೋದಾದ್ರೆ ನಾನು ಡೇ ಕೇರಿಗೆ ಹಾಕ್ತೀನಿ ಅತ್ತೆ, ಬೇಜಾರು ಮಾಡ್ಕಬ್ಯಾಡ್ರಿ" ಎಂದಿದ್ದಳು. ಉಡಚಮ್ಮ ಮಗುವಿನ ತಲೆ ಮುಟ್ಟಿ, ಇನ್ನು ಹೆದರಿಸುವುದಿಲ್ಲ ಎಂದು ಆಣೆ ಇಟ್ಟಿದ್ದಳು. ಆಣೆ ಇಟ್ಟ ತಲೆಗೇ ಚೀಲ ತೋರಿಸಿದ್ದಳು. ಆದರೆ ಮಗು ದುಂಡಗಾಗುತ್ತಿತ್ತು, ಓಣಿಯವರು ಹೊಗಳುತ್ತಿದ್ದರು, ಹೀಗಾಗಿ ಆ ಮುಳ್ಳು ಅವಳಿಗೆ ಅಷ್ಟಾಗಿ ಚುಚ್ಚಲಿಲ್ಲ.

ಆಮೇಲಾಮೇಲೆ ಬೀಬಿಜಾನ್ ಓಣಿಗೆ ಬರುವುದು ನಿಂತುಹೋಯಿತು. ಬೈಕಿನ ಮೇಲೆ ಮೈಕು ಕಟ್ಟಿಕೊಂಡ ಗಂಡಸರು ಕೂದಲು ಕೊಳ್ಳಲು ಬರತೊಡಗಿದರು. ಉಡಚಮ್ಮ ಮಾತ್ರ ಅಭ್ಯಾಸಬಲದಿಂದ ಕವರು ತುಂಬುತ್ತಲೇ ಇದ್ದಳು, ತಟ್ಟುತ್ತಲೇ ಇದ್ದಳು.

ಜೂನ್ ತಿಂಗಳಲ್ಲಿ ನೇತ್ರಿಯನ್ನು ಎರಡನೇ ಕ್ರಾಸಿನ ಶಿಶುವಿಹಾರಕ್ಕೆ ಸೇರಿಸಿದರು. ಪ್ರೇಮಲತಾ ಎಂಬ ಟೀಚರು ತಮ್ಮ ಮನೆಯ ಕೆಳಗಿನ ಮಹಡಿಯಲ್ಲೇ ನಡೆಸುತ್ತಿದ್ದ ಶಿಶುವಿಹಾರ. ಇಪ್ಪತ್ತು ಮಕ್ಕಳು, ಒಬ್ಬಳು ಆಯಾ. ಬೆಳಗ್ಗೆ ಸುನೀತಾ ಕೆಲಸಕ್ಕೆ ಹೋಗುವಾಗ ಬಿಟ್ಟು ಹೋಗುತ್ತಿದ್ದಳು, ಮಧ್ಯಾಹ್ನ ಆಟೋದವನು ಮನೆಗೆ ಮುಟ್ಟಿಸುತ್ತಿದ್ದ. ಮೊದಲ ವಾರ ಎಲ್ಲ ಮಕ್ಕಳೂ ಅತ್ತವು. ಎರಡನೇ ವಾರಕ್ಕೆ ಉಳಿದವು ಅಳು ಮರೆತು ಜಾರುಬಂಡಿಗೆ ಜಗಳವಾಡತೊಡಗಿದವು. ನೇತ್ರಿ ಮಾತ್ರ ಗೇಟು ಕಂಡ ಕೂಡಲೇ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕಿರುಚುತ್ತಿತ್ತು. ಮನೆಯಲ್ಲಿ ತಲೆ ಬಾಚಲು ಕೊಡುತ್ತಿರಲಿಲ್ಲ. ಮೂರು ಸಲ ಹಾಸಿಗೆ ಒದ್ದೆ ಮಾಡಿತು.

"ಎಲ್ಲಾ ಹುಡುಗ್ರೂ ಅಳ್ತಾವೆ ಬಿಡು, ನಾನೂ ಅಳ್ತಿದ್ನಂತೆ," ಎಂದ ಉಡಚಮ್ಮನ ಮಗ ಮಾಲತೇಶ, ರೊಟ್ಟಿ ಮುರಿಯುತ್ತ. ಅವನು ಮಂಡಿಪೇಟೆಯ ಕಿರಾಣಿ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಮನೆಯ ತಾಪತ್ರಯಗಳನ್ನೆಲ್ಲ ಹೀಗೇ ಒಂದು ಗೆರೆ ಎಳೆದು ಮುಗಿಸುವುದು ಅವನ ಪದ್ಧತಿ.

"ನೀವು ಹದಿನೈದು ದಿನ ಅತ್ತಿದ್ರಾ?" ಎಂದಳು ಸುನೀತಾ.

"ಅವ್ವನ್ನ ಕೇಳು."

"ಒಂದು ತಿಂಗಳು ಅತ್ತಿದ್ದ," ಎಂದಳು ಉಡಚಮ್ಮ. "ಪಲ್ಯ ಹಾಕ್ಲೇನು?"

"ಅಲ್ಲಿ ಚೀಲ ಐತೆ," ಎಂದಿತು ನೇತ್ರಿ, ತಟ್ಟೆಯ ಕಡೆ ನೋಡುತ್ತಲೇ.

"ಯಾವ ಚೀಲ ಪುಟ್ಟಿ?" ಸುನೀತಾ ಕೇಳಿದಳು.

ನೇತ್ರಿ ಅಜ್ಜಿಯ ಮುಖ ನೋಡಿ, ರೊಟ್ಟಿಯ ಚೂರನ್ನು ಬಾಯಿಗೆ ತುರುಕಿಕೊಂಡಿತು. "ಸ್ಕೂಲ್ ಬ್ಯಾಗ್ ಇರ್ಬೇಕು" ಎಂದು ಉಡಚಮ್ಮ ತಾನೇ ಹೇಳಿ, ಮಾತು ಮುಂದುವರಿಯದ ಹಾಗೆ ಎಲ್ಲರ ತಟ್ಟೆಗೂ ಪಲ್ಯ ಬಡಿಸಿದಳು. ಮೂಲೆಯಲ್ಲಿ ಕುಳಿತಿದ್ದ ಗಂಡ ಉಚ್ಚಂಗೆಪ್ಪ, ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದು ಕಿವಿ ಅರ್ಧ ಮಂದವಾದ ಮನುಷ್ಯ, ಅವಳನ್ನೇ ನೋಡುತ್ತಿದ್ದ. ಕಿವಿ ಮಂದವಾದರೂ ಆತನ ಕಣ್ಣು ಚುರುಕಾಗಿಯೇ ಇದ್ದವು.

ಮೂರನೇ ವಾರ ಶಿಶುವಿಹಾರದಿಂದ ಫೋನು ಬಂತು. ಮನೆಗೆ ಕಳಿಸುವ ಮೊದಲು ಆಯಾ ಎಲ್ಲ ಮಕ್ಕಳ ತಲೆ ಬಾಚುವುದು ಅಲ್ಲಿನ ರೂಢಿ. ನೇತ್ರಿಯ ತಲೆಗೆ ಬಾಚಣಿಗೆ ತಾಗಿಸಿದ್ದೇ ತಡ, ಅದು ಆಯಾಳ ಕೈಯನ್ನು ರಕ್ತ ಬರುವ ಹಾಗೆ ಕಚ್ಚಿತ್ತು. ಸುನೀತಾ ನಾಚಿಕೆಯಿಂದ ಕುಗ್ಗಿಹೋದಳು. "ನಮ್ಮ ಮಗಳು ಕಚ್ಚೋದಾ? ನಾಳೆ ನೀವೇ ಬಿಡಾಕೆ ಹೋಗ್ರಿ ಅತ್ತೆ, ಆ ಆಯಾನ ಕೈಗೆ ಇದನ್ನ ಕೊಟ್ಟು ತಪ್ಪಾತು ಅಂತ ಹೇಳ್ರಿ" ಎಂದು ಒಂದು ಬಾಕ್ಸ್ ಸಿಹಿ ತಂದುಕೊಟ್ಟಳು.

ಮರುದಿನ ಬೆಳಗ್ಗೆ ಉಡಚಮ್ಮ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು, ಸಿಹಿಯ ಬಾಕ್ಸ್ ಹಿಡಿದು ಹೋದಳು. ಗೇಟು ತೆಗೆದವಳ ಬಲಗೈಗೆ ಬಿಳಿ ಬಟ್ಟೆ ಸುತ್ತಿತ್ತು. ನೀಲಿ ಸೀರೆ, ಎಣ್ಣೆ ಹಚ್ಚಿ ಬಾಚಿದ ನರೆಗೂದಲು, ಮೂಗಿನಲ್ಲಿ ಅದೇ ಕಲ್ಲಿನ ನತ್ತು. ಹಿಂದೆ ಅಡುಗೆಕೋಣೆಯ ಮೊಳೆಯಲ್ಲಿ ಒಂದು ಬಟ್ಟೆಯ ಚೀಲ ತೂಗುತ್ತಿತ್ತು.

"ಅರೆ, ಅಕ್ಕಾ!" ಎಂದಳು ಬೀಬಿಜಾನ್, ಮುಖವೆಲ್ಲ ಅರಳಿಸಿ. "ಇದು ನಿಮ್ಮ ಮೊಮ್ಮಗಳೇನು? ನಂಗೆ ಗುರ್ತೇ ಹತ್ತಲಿಲ್ಲ ನೋಡ್ರಿ, ಎಷ್ಟು ಎತ್ತರ ಆಗೈತೆ!"

ನೇತ್ರಿ ಅಜ್ಜಿಯ ಕುತ್ತಿಗೆಯನ್ನು ಬಿಗಿಯಾಗಿ ತಬ್ಬಿ, ಸೆರಗಿನೊಳಗೆ ಮುಖ ಹುದುಗಿಸಿತು. ಉಡಚಮ್ಮನಿಗೆ ಎಲ್ಲವೂ ಒಂದೇ ಉಸಿರಿಗೆ ತಿಳಿಯಿತು. ಅಷ್ಟರಲ್ಲಿ ಪ್ರೇಮಲತಾ ಟೀಚರು ಒಳಗಿನಿಂದ ಬಂದರು. "ಏನು, ಪರಿಚಯನಾ ಇಬ್ರಿಗೂ?" ಎಂದು ಕೇಳಿದರು.

"ಇಲ್ರಿ," ಎಂದಳು ಉಡಚಮ್ಮ. "ಯಾರೋ ಅನ್ಕಂಡ್ಯಾರೆ."

ಬೀಬಿಜಾನಳ ಮುಖ ಅರಳಿದ್ದು ಹಾಗೇ ನಿಂತು, ಮೆಲ್ಲಗೆ ಮುಚ್ಚಿಕೊಂಡಿತು. ಸಿಹಿಯ ಬಾಕ್ಸನ್ನು ಎಡಗೈಯಲ್ಲಿ ತೆಗೆದುಕೊಂಡಳು. "ಮಕ್ಕಳು ಅಂದ್ಮೇಲೆ ಕಚ್ತಾವೆ ಬಿಡ್ರಿ ಅಮ್ಮಾ" ಎಂದಳು. ಅಕ್ಕ ಅನ್ನುವುದನ್ನು ಬಿಟ್ಟಿದ್ದಳು. ಉಡಚಮ್ಮ ಮನೆಗೆ ಬಂದು ಬಟ್ಟೆ ಒಗೆಯಲು ಕೂತಳು. ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು.

ಹೇಳಿಬಿಡಬೇಕಿತ್ತು. ಅವತ್ತೇ ಸಂಜೆ ಹೇಳಿದ್ದರೆ ಒಂದು ಜಗಳದಲ್ಲಿ ಮುಗಿಯುತ್ತಿತ್ತು. ಆದರೆ ಸುನೀತಾಳ ಬಾಯಿಂದ ಡೇ ಕೇರ್ ಎಂಬ ಮಾತು ಮತ್ತೆ ಬರುವುದು ಉಡಚಮ್ಮನಿಗೆ ಬೇಡವಾಗಿತ್ತು. ಆ ಮನೆಯಲ್ಲಿ ಮೊಮ್ಮಗಳಿಗೆ ಉಣಿಸುವುದೊಂದೇ ಅವಳದ್ದು ಎನ್ನುವ ಕೆಲಸ. ಗ್ಯಾಸು, ವಾಷಿಂಗ್ ಮಷೀನು, ಸಂತೆಯ ಪಟ್ಟಿ ಎಲ್ಲ ಸೊಸೆಯ ಕೈಗೆ ಹೋಗಿ ಎಷ್ಟೋ ದಿನವಾಗಿತ್ತು. ಹೋದಾಗ ಇವಳು ತುಟಿ ಎರಡು ಮಾಡಿರಲಿಲ್ಲ. ಇದೊಂದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಹೀಗೆ ಒಂದು ವಾರ ಕಳೆಯುವಷ್ಟರಲ್ಲಿ ಮಾತು ಮಕ್ಕಳಿಂದ ಮನೆಗಳಿಗೆ ಹೋಯಿತು. ನೇತ್ರಿ ತನ್ನ ಪಕ್ಕದ ಮಗುವಿಗೆ ಹೇಳಿತ್ತು: ಆಯಾ ಮೊಳೆಗೆ ನೇತುಹಾಕುವ ಚೀಲದಲ್ಲಿ ಮಕ್ಕಳ ತಲೆ ಇವೆ, ತಲೆ ಬಾಚುವುದು ಯಾವುದು ದೊಡ್ಡದೆಂದು ನೋಡುವುದಕ್ಕೆ. ಆ ಮಗು ಇನ್ನೊಂದಕ್ಕೆ ಹೇಳಿತು. ಆರು ಮಕ್ಕಳು ಶಿಶುವಿಹಾರಕ್ಕೆ ಹೋಗಲ್ಲವೆಂದು ಹಟ ಹಿಡಿದವು. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, ಆಯಾ ಮೊದಲು ಓಣಿ ಓಣಿ ಚೀಲ ಹೊತ್ತು ತಿರುಗುತ್ತಿದ್ದವಳಂತೆ, ವಿಚಾರಿಸಿದ್ದೀರಾ ಎಂದು ಬರೆದರು. ಇನ್ನೊಬ್ಬರು ಮಕ್ಕಳ ಕಳ್ಳರ ಹಳೆಯ ವಿಡಿಯೋ ಒಂದನ್ನು ಹಾಕಿದರು. ಮತ್ತೊಬ್ಬರು, ಬೇರೆ ಯಾರೂ ಸಿಗಲಿಲ್ಲವೇ ಎಂದು ಕೇಳಿದರು. ಆ ‘ಬೇರೆ’ ಅಂದರೆ ಏನೆಂದು ಓದಿದವರಿಗೆಲ್ಲ ತಿಳಿಯಿತು, ಯಾರೂ ಬಿಡಿಸಿ ಹೇಳಲಿಲ್ಲ.

ಸುನೀತಾ ಮೊಬೈಲ್ ಹಿಡಿದು ಓದಿ ಹೇಳಿದಳು. "ನೋಡಿದ್ರಾ? ನಮ್ಮ ಹುಡುಗಿ ಸುಮ್ಸುಮ್ನೆ ಅಳ್ತಿರಲಿಲ್ಲ. ಅತ್ತೆ, ನೇತ್ರಿ ನಿಮ್ಮ ಹತ್ರ ಏನಾದ್ರೂ ಹೇಳೈತಾ? ಈ ತಲೆ, ಚೀಲ, ಇದೆಲ್ಲ ಎಲ್ಲಿಂದ ಬಂತು?"

"ಟೀವಿಯಾಗೆ ನೋಡಿರ್ಬೇಕು," ಎಂದಳು ಉಡಚಮ್ಮ.

ಉಚ್ಚಂಗೆಪ್ಪ ಚಹಾದ ಲೋಟವನ್ನು ನೆಲಕ್ಕೆ ಸ್ವಲ್ಪ ಜೋರಾಗಿಯೇ ಇಟ್ಟ.

ಶನಿವಾರ ಮಧ್ಯಾಹ್ನ ಪ್ರೇಮಲತಾ ಟೀಚರು ಪೋಷಕರನ್ನು ಕರೆದರು. ಸುನೀತಾ ಅರ್ಧ ದಿನ ರಜೆ ಹಾಕಿ, ಅತ್ತೆಯನ್ನೂ ಕರೆದುಕೊಂಡು ಹೋದಳು. ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ದೊಡ್ಡವರು ಮೊಣಕಾಲು ಎದೆಗೆ ತಾಗಿಸಿಕೊಂಡು ಕುಳಿತಿದ್ದರು. ಬೀಬಿಜಾನ್ ಬಾಗಿಲ ಹತ್ತಿರ ನಿಂತಿದ್ದಳು. ಎಲ್ಲರಿಗೂ ನೀರು ತಂದುಕೊಟ್ಟವಳೂ ಅವಳೇ.

"ಈಕಿ ತುಂಬಾ ನೀಟು ರೀ, ಮಕ್ಕಳ ಮೇಲೆ ಪ್ರೀತಿ ಐತೆ, ಇಲ್ಲಿವರೆಗೂ ಒಂದು ಕಂಪ್ಲೇಂಟ್ ಇಲ್ಲ," ಎಂದು ಟೀಚರು ಶುರು ಮಾಡಿದರು. ಆದರೆ ಅವರ ದನಿಯಲ್ಲೇ ಬಲವಿರಲಿಲ್ಲ.

"ನೀನು ಮೊದಲು ಏನು ಕೆಲಸ ಮಾಡ್ತಿದ್ದೆ?" ಬ್ಯಾಂಕಿನಲ್ಲಿರುವ ಒಬ್ಬಾತ ಕೇಳಿದ.

"ಕೂದ್ಲು ಯಾಪಾರ ಸಾಹೇಬ್ರೆ. ಇಪ್ಪತ್ತು ವರ್ಷ."

"ಚೀಲ ಹೊತ್ಕಂಡು?"

"ಹೌದ್ರಿ, ಕೂದ್ಲಿನ ಚೀಲ."

"ಮತ್ತೆ ಮಕ್ಕಳು ಯಾಕ ಹಂಗಂತಾವೆ? ಯಾರಾದ್ರೂ ಮಕ್ಕಳಿಗೆ ನೀನು ಏನಾದ್ರೂ ಅಂದೀಯೇನು?"

ಬೀಬಿಜಾನ್ ತಲೆ ಎತ್ತಿದಳು. ಸಾಲಾಗಿ ಕುಳಿತವರ ಮುಖಗಳನ್ನು ದಾಟಿ ಅವಳ ಕಣ್ಣು ಉಡಚಮ್ಮನ ಮೇಲೆ ಬಂದು ನಿಂತಿತು. ಈಗ ಹೇಳುತ್ತಾಳೆ, ಈಕೆಯ ಮನೆ ಬಾಗಿಲಲ್ಲೇ ಆಗಿದ್ದು ಎಂದು ಬೆರಳು ತೋರಿಸುತ್ತಾಳೆ ಎಂದುಕೊಂಡಳು ಉಡಚಮ್ಮ. ಹೇಳಲಿ ಎಂದೂ ಅನ್ನಿಸಿತು, ಬೇಡಪ್ಪಾ ದೇವರೇ ಎಂದೂ ಅನ್ನಿಸಿತು.

ಬೀಬಿಜಾನ್ ಕಣ್ಣು ಕೆಳಗಿಳಿಸಿದಳು. "ಸಣ್ಣ ಮಕ್ಕಳಲ್ಲೇನ್ರಿ," ಎಂದಳು. "ಏನೋ ಕಂಡಿರ್ತಾವೆ."

"ಹಂಗಾದ್ರೆ ಆ ಚೀಲ ಒಂದ್ಸಲ ತೆಗೆದು ತೋರಿಸಲಿ," ಎಂದಳು ಸುನೀತಾ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಒಂದು ಸಲ ನೋಡಿದರೆ ಎಲ್ಲರ ಬಾಯಿ ಮುಚ್ಚುತ್ತದೆ ಎಂದು ಹೇಳಿದ್ದು. ಆದರೂ ಹೇಳಿದಳು.

ಬೀಬಿಜಾನ್ ಒಳಗೆ ಹೋಗಿ ಮೊಳೆಯಿಂದ ಚೀಲ ತಂದಳು. ಯಾರೂ ಮುಟ್ಟಲು ಬರಲಿಲ್ಲ. ಮಕ್ಕಳು ಚಿತ್ರ ಬಿಡಿಸುವ ಗಿಡ್ಡ ಮೇಜಿನ ಮೇಲೆ ಅವಳೇ ಒಂದೊಂದಾಗಿ ತೆಗೆದಿಟ್ಟಳು. ಊಟದ ಡಬ್ಬಿ. ನೀರಿನ ಬಾಟಲಿ. ದಾರ ಕಟ್ಟಿದ ಕನ್ನಡಕ. ಬಸ್ಸಿನ ಟಿಕೀಟು. ಮೊಣಕಾಲಿಗೆ ಹಚ್ಚುವ ಎಣ್ಣೆ. ಕೊನೆಗೆ ಬಣ್ಣ ಬಣ್ಣದ ಹತ್ತಾರು ಪುಟ್ಟ ರಬ್ಬರ್ ಬ್ಯಾಂಡುಗಳು, ಜಡೆ ಬಿಚ್ಚಿಹೋದ ಮಕ್ಕಳಿಗೆಂದು ತಾನೇ ಕೊಂಡು ಇಟ್ಟುಕೊಂಡಿದ್ದು. ಅನುಮಾನ ಉಳಿಯದಿರಲೆಂದು ಚೀಲವನ್ನು ತಿರುವಿ ಝಾಡಿಸಿದಳು.

ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹಾಗೆಂದು ಯಾರೂ ತಪ್ಪಾಯಿತು ಎಂದೂ ಹೇಳಲಿಲ್ಲ. ಟೀಚರು ಗಂಟಲು ಸರಿಮಾಡಿಕೊಂಡು, "ಮಕ್ಕಳ ಭಯ ಹೋಗೋವರೆಗೂ ಸ್ವಲ್ಪ ದಿನ ರಜಾ ತಗೋ ಬೀಬಿಜಾನ್, ಆಮೇಲೆ ನೋಡಾಣ" ಎಂದರು. ಸ್ವಲ್ಪ ದಿನ ಎಂದರೆ ಎಷ್ಟೆಂದು ಬೀಬಿಜಾನ್ ಕೇಳಲಿಲ್ಲ. ಸಾಮಾನನ್ನೆಲ್ಲ ಚೀಲಕ್ಕೆ ತುಂಬಿಕೊಂಡಳು, ರಬ್ಬರ್ ಬ್ಯಾಂಡುಗಳನ್ನು ಮೇಜಿನ ಮೇಲೆಯೇ ಬಿಟ್ಟಳು. ಉಡಚಮ್ಮ ಕುಳಿತೇ ಇದ್ದಳು. ಕುಳಿತ ಅಷ್ಟು ಜನರಲ್ಲಿ ನಿಜ ಗೊತ್ತಿದ್ದವಳು ತಾನೊಬ್ಬಳೇ ಎಂಬ ನಾಚಿಕೆ ಅವಳನ್ನು ಆ ಪುಟ್ಟ ಕುರ್ಚಿಗೇ ಅಂಟಿಸಿಬಿಟ್ಟಿತ್ತು.

ಸೋಮವಾರ ನೇತ್ರಿ ಗೇಟಿನ ಹತ್ತಿರ ನಿಂತು ಒಳಗೆ ಇಣುಕಿತು. ಮೊಳೆ ಖಾಲಿಯಿತ್ತು. ಅಳದೆ ಒಳಗೆ ಹೋಯಿತು. ಮನೆಯಲ್ಲಿ ಹಬ್ಬದ ಕಳೆ. ಮಾಲತೇಶ ಸಂಜೆ ಮಂಡಕ್ಕಿ, ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬಂದ. "ನಾನು ಹೇಳಿರ್ಲಿಲ್ವಾ, ಎಲ್ಲಾ ಸರಿ ಹೋಗುತ್ತೆ ಅಂತ?" ಎಂದು ಮಿರ್ಚಿಯ ತೊಟ್ಟು ಕಿತ್ತ. ಉಡಚಮ್ಮ ತನ್ನ ಪಾಲಿನ ಮಂಡಕ್ಕಿಯನ್ನು ಮೊಮ್ಮಗಳ ಬಟ್ಟಲಿಗೆ ಸುರಿದಳು.

ಮಗ ಸೊಸೆ ಒಳಗೆ ಹೋದ ಮೇಲೆ ಉಚ್ಚಂಗೆಪ್ಪ ಕಟ್ಟೆಯ ಮೇಲೆ ಅವಳ ಪಕ್ಕ ಬಂದು ಕುಳಿತ.

"ಆ ಕೂದ್ಲಿನ ಕವರು ಯಾಕ ಇನ್ನೂ ಕಿಟಕಿಯಾಗೆ ಐತೆ?"

ಉಡಚಮ್ಮ ಮಂಡಕ್ಕಿ ಕಟ್ಟಿದ್ದ ಕಾಗದವನ್ನು ಮಡಚತೊಡಗಿದಳು.

"ನನಗೆ ಕಿವಿ ಕೇಳಲ್ಲ, ಕಣ್ಣು ಕಾಣ್ತಾವೆ. ದಿನಾ ನೀನು ಆ ಕವರು ತಟ್ಟಾದು ನೋಡೀನಿ. ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಹೇಳಿದ್ರೆ ಮಗೀನ ನನ್ನ ಕೈಯಿಂದ ಕಿತ್ಕಂತಾರೆ."

"ಆಕಿ ಕೈಯಿಂದ ಏನು ಕಿತ್ತೀವಿ, ಅದನ್ನ ನೋಡು," ಎಂದು ಉಚ್ಚಂಗೆಪ್ಪ ಎದ್ದುಹೋದ.

ಅಷ್ಟಾದರೂ ಅವಳು ಎರಡು ದಿನ ತಳ್ಳಿದಳು. ಗುರುವಾರ ಮಧ್ಯಾಹ್ನ ನೇತ್ರಿ ಗೊಂಬೆಗಳನ್ನೆಲ್ಲ ಸಾಲಾಗಿ ಕೂರಿಸಿ ಆಡುತ್ತಿತ್ತು. ಒಂದು ಗೊಂಬೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, "ಚೀಲ ಬಿಚ್ಚು, ಎಲ್ಲಾರೂ ನೋಡ್ಲಿ" ಎಂದು ಗದರಿಸಿತು. ತಾಯಿ ಅಪ್ಪನಿಗೆ ಹೇಳಿದ್ದನ್ನು ಎಲ್ಲೋ ನಿಂತು ಕೇಳಿಸಿಕೊಂಡಿತ್ತು. ಆಮೇಲೆ ಅಜ್ಜಿಯ ಮಡಿಲಿಗೆ ಬಂದು ಕುಳಿತು, ಗುಟ್ಟು ಹೇಳುವ ಹಾಗೆ ಹೇಳಿತು: "ಅಜ್ಜಿ, ನೀನು ಹೇಳಿದ್ದು ಖರೇ ಇತ್ತು ಅಲ್ಲ? ಅದಕ್ಕೇ ಮಿಸ್ಸು ಆಕೀನ ಓಡಿಸಿದ್ರು."

ಉಡಚಮ್ಮ ಮಗುವನ್ನು ಗಂಡನಿಗೆ ಒಪ್ಪಿಸಿ, ಸೀರೆ ಬದಲಿಸಿ, ಹರಿಹರದ ಬಸ್ಸು ಹತ್ತಿದಳು.

ಬೀಬಿಜಾನಳ ಮನೆ ಕೇಳಿಕೊಂಡು ಹೋಗುವುದು ಕಷ್ಟವಾಗಲಿಲ್ಲ. ಕೂದಲಿನ ಬೀಬಿಜಾನ್ ಎಂದರೆ ಹೊಳೆಯ ಕಡೆಯ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಅವಳು ಹೊಸ್ತಿಲ ಒಳಗೆ ಕಾಲು ಚಾಚಿ ಕುಳಿತು, ಗಂಟುಗಂಟಾದ ಕೂದಲಿನ ರಾಶಿಯಿಂದ ದಬ್ಬಣದಲ್ಲಿ ಎಳೆ ಬಿಡಿಸುತ್ತಿದ್ದಳು. ಬೈಕಿನವರು ತಂದ ಕೂದಲನ್ನು ಬಿಡಿಸಿಕೊಡುವ ಕೆಲಸ. ಬಲಗೈಯ ಮೇಲೆ ನೇತ್ರಿಯ ಹಲ್ಲಿನ ಗುರುತು ಕಪ್ಪಗೆ ಉಳಿದಿತ್ತು.

"ಬರ್ರಿ ಅಕ್ಕಾ, ಕೂಡ್ರಿ," ಎಂದಳು, ಏನೂ ಆಗಿಲ್ಲವೆನ್ನುವ ಹಾಗೆ. "ಚಾ ಮಾಡ್ಲೇನು?"

"ಚಾ ಬ್ಯಾಡ. ಅವತ್ತು ಯಾಕ ನನ್ನ ಹೆಸರು ಹೇಳಲಿಲ್ಲ ನೀನು?"

ಬೀಬಿಜಾನ್ ಕೈಯಲ್ಲಿದ್ದ ಎಳೆಯನ್ನು ಪೂರ್ತಿ ಬಿಡಿಸಿ ಪಕ್ಕಕ್ಕಿಟ್ಟಳು.

"ಹೇಳಿದ್ರೆ ನಿಮ್ಮ ಸೊಸೆ ಮುಂದೆ ನಿಮಗೆ ನಿಲ್ಲಾಕೆ ಆಗ್ತಿತ್ತೇನ್ರಿ? ಮತ್ತೆ, ಚೀಲ ಬಿಚ್ಚಿ ತೋರಿಸಿದಾಕಿ ನಾನೇ ಅಲ್ಲೇನು? ನಿಮ್ಮೊಂದು ಮನೆ ಮುಂದೆ ಅಲ್ಲ ಅಕ್ಕಾ. ಎಷ್ಟು ಮನೆ ಮುಂದೆ ತೋರಿಸೀನಿ. ತೋರಿಸಿದ್ರೆ ತಾಯಂದ್ರು ನಗ್ತಿದ್ರು. ನಕ್ಕವರು ಕೂದ್ಲು ಬ್ಯಾರೆಯವರಿಗೆ ಕೊಡ್ತಿರಲಿಲ್ಲ. ಇಪ್ಪತ್ತು ವರ್ಷ ಮಕ್ಕಳು ನನ್ನ ಕಂಡ್ರೆ ಒಳಗೆ ಓಡ್ತಿದ್ವು. ನನ್ನ ಹೊಟ್ಟೆಪಾಡು ಅನ್ಕಂಡು ಸುಮ್ನಿದ್ದೆ." ದಬ್ಬಣ ಕೆಳಗಿಟ್ಟಳು. "ಆ ಸಾಲಿಯಾಗೆ ಮೊದಲ್ನೇ ದಿನ ಒಂದು ಕೂಸು ತಾನಾಗೇ ಬಂದು ನನ್ನ ತೊಡಿ ಮೇಲೆ ಕುಂತ್ಕಂತು. ನಾನು ಕರೆದೂ ಇರಲಿಲ್ಲ. ಮನಿಗೆ ಬಂದು ಎಲ್ಲರಿಗೂ ಹೇಳಿದ್ದೆ."

ಉಡಚಮ್ಮ ಅತ್ತಳು. ಅತ್ತು ಹಗುರಾಗುವಂಥ ಅಳುವೇ ಅಲ್ಲ ಅದು. ಬೀಬಿಜಾನ್ ಸಮಾಧಾನ ಮಾಡಲೂ ಇಲ್ಲ, ಬೈಯಲೂ ಇಲ್ಲ. ಒಂದು ಲೋಟ ನೀರು ತಂದು ಮುಂದಿಟ್ಟು, ಮತ್ತೆ ದಬ್ಬಣ ಹಿಡಿದಳು.

ಆ ರಾತ್ರಿಯ ಊಟಕ್ಕೆ ಎಲ್ಲರೂ ಕುಳಿತಾಗ ಉಡಚಮ್ಮ ಬಡಿಸುವುದನ್ನು ನಿಲ್ಲಿಸಿ, ನಿಂತುಕೊಂಡೇ ಹೇಳಿದಳು. ಚೀಲ, ಕಣ್ಸನ್ನೆ, ಕಿಟಕಿಯ ಕವರು, ಆಣೆ, ಗುರುತಿಲ್ಲ ಎಂದಿದ್ದು, ಟೀವಿ ಎಂದಿದ್ದು. ಏನನ್ನೂ ಬಿಡಲಿಲ್ಲ. ಮಾಲತೇಶ, "ಅವ್ವಾ, ಏನವ್ವಾ ಇದು" ಎಂದು ತಟ್ಟೆ ದೂರ ಸರಿಸಿದ. ಸುನೀತಾ ಕೂಗಾಡುತ್ತಾಳೆ ಎಂದುಕೊಂಡಿದ್ದರೆ ಅವಳು ಕೂಗಾಡಲಿಲ್ಲ.

"ಚೀಲ ತೆಗೆದು ತೋರಿಸಲಿ ಅಂತ ಅಂದಾಕಿ ನಾನು," ಎಂದಳು ನಿಧಾನವಾಗಿ. "ನೀವು ನನ್ನ ಪಕ್ಕದಾಗೇ ಕುಂತಿದ್ರಿ ಅತ್ತೆ. ನನ್ನ ಕೈ ಹಿಡಿದು ಎಳೆದಿದ್ರೂ ಸಾಕಿತ್ತು. ಅಷ್ಟು ಜನರ ಮುಂದೆ ಆಕಿ ಡಬ್ಬಿ ತೆಗೆದು ಇಡ್ತಿದ್ಲು, ನಾನು ನೋಡ್ತಾ ಕುಂತಿದ್ದೆ."

"ಡೇ ಕೇರಿಗೆ ಹಾಕ್ತೀಯಾ?" ಎಂದು ಕೇಳಿದಳು ಉಡಚಮ್ಮ.

"ನಿಮಗೆ ಈಗಲೂ ಅದೇ ಚಿಂತೆನಾ?" ಎಂದು ಸುನೀತಾ ತಟ್ಟೆ ಬಿಟ್ಟು ಎದ್ದಳು.

ಮರುದಿನ ಅತ್ತೆ ಸೊಸೆ ಇಬ್ಬರೂ ಶಿಶುವಿಹಾರಕ್ಕೆ ಹೋದರು. ಉಡಚಮ್ಮ ಟೀಚರ ಮುಂದೆ ಎಲ್ಲ ಒಪ್ಪಿಕೊಂಡಳು. ಪ್ರೇಮಲತಾ ಹಣೆ ಒತ್ತಿಕೊಂಡರು. "ಮೊನ್ನೆ ಮೀಟಿಂಗಾಗೆ ಹೇಳಿದ್ರೆ ಎಷ್ಟು ಚಲೋ ಇತ್ರಿ ಅಮ್ಮಾ. ಈಗ ತಿಮ್ಮವ್ವ ಅಂತ ಬಂದಾಳೆ, ಆಕೀನ ಹೆಂಗೆ ಬಿಡಿಸ್ಲಿ? ಪೇರೆಂಟ್ಸ್ ಬೇರೆ ಒಪ್ಪಬೇಕು. ಒಂದ್ಸಲ ಹೆಸರು ಹೋದ್ರೆ ಹೋತು." ಸುನೀತಾ ಅಲ್ಲೇ ನಿಂತು ಪೋಷಕರ ಗುಂಪಿಗೆ ತನ್ನ ಹೆಸರಿನಲ್ಲೇ ಬರೆದಳು: ಆಯಾಳದ್ದು ಏನೂ ತಪ್ಪಿಲ್ಲ, ತಪ್ಪು ನಮ್ಮ ಮನೆಯದು. ಇಬ್ಬರು ಕೈಮುಗಿದ ಚಿತ್ರ ಹಾಕಿದರು. ಉಳಿದವರು ಓದಿ ಸುಮ್ಮನಾದರು. ಮಕ್ಕಳ ಕಳ್ಳರ ವಿಡಿಯೋ ಮೇಲೆ ಹಾಗೇ ಇತ್ತು.

ಇನ್ನುಳಿದದ್ದು ಒಂದೇ. ಭಾನುವಾರ ಸುನೀತಾ ಮಗಳಿಗೆ ತಾನೇ ತಲೆ ಬಾಚಿ, ಎರಡು ಜಡೆ ಹಾಕಿ, "ಕರ್ಕೊಂಡು ಹೋಗ್ರಿ, ನಿಮ್ಮ ಬಾಯಿಂದಾನೇ ಹೇಳ್ರಿ" ಎಂದಳು. ಉಡಚಮ್ಮ ಕಿಟಕಿಯ ಮೂಲೆಯ ಕವರನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮೊಮ್ಮಗಳ ಕೈ ಹಿಡಿದು ಮತ್ತೆ ಹರಿಹರಕ್ಕೆ ಹೋದಳು.

ಬೀಬಿಜಾನಳ ಹೊಸ್ತಿಲು ಕಂಡದ್ದೇ ನೇತ್ರಿ ಎರಡೂ ಕೈಯಿಂದ ತಲೆ ಹಿಡಿದುಕೊಂಡಿತು. ಉಡಚಮ್ಮ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕುಳಿತು, ಕವರು ಬಿಚ್ಚಿ, ತನ್ನ ಕೂದಲಿನ ಉಂಡೆಗಳನ್ನು ಅಂಗೈಯಲ್ಲಿ ಹಿಡಿದು ತೋರಿಸಿದಳು.

"ನೋಡು ನೇತ್ರಿ. ಇದು ನನ್ನ ತಲೆಕೂದಲು. ಅಲ್ಲಿರಾದೂ ಬರೀ ಕೂದಲು. ಅಲ್ಲಿ ಯಾರ ತಲೆನೂ ಇಲ್ಲ."

ನೇತ್ರಿ ಅಂಗೈ ನೋಡಿತು, ಒಳಗಿನ ರಾಶಿ ನೋಡಿತು. "ಮತ್ತೆ ನೀನು ಹೇಳಿದ್ದು?"

"ಸುಳ್ಳು."

"ದಿನಾ ಹೇಳ್ತಿದ್ದೆಲ್ಲ?"

"ದಿನಾ ಸುಳ್ಳು ಹೇಳ್ತಿದ್ದೆ ಕೂಸೇ. ನೀನು ಉಣ್ಲಿ ಅಂತ."

ಒಳಗೆ ಬೀಬಿಜಾನ್ ದಬ್ಬಣ ನಿಲ್ಲಿಸಿದ್ದಳು. ಮಗುವನ್ನು ಕರೆಯಲಿಲ್ಲ. ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದು, ಕೂತಲ್ಲಿಂದಲೇ ಕೈ ಚಾಚಿ, ಬರಲಿ ಎಂದು ಕಾದಳು.

"ಹೋಗವ್ವ, ಇಸ್ಕೋ," ಎಂದಳು ಉಡಚಮ್ಮ. "ಆಕಿ ಏನೂ ಮಾಡಲ್ಲ. ಭಾಳ ಒಳ್ಳೆಯಾಕಿ. ಮಕ್ಕಳು ಅಂದ್ರೆ ಪ್ರಾಣ ಆಕಿಗೆ."

ನೇತ್ರಿ ಹೊಸ್ತಿಲ ಈಚೆಗೇ ನಿಂತು, ಬಿಸ್ಕತ್ತು ನೋಡಿತು, ಬೀಬಿಜಾನಳ ಮುಖ ನೋಡಿತು, ಆಮೇಲೆ ತಿರುಗಿ ಅಜ್ಜಿಯನ್ನು ನೋಡಿತು.

"ಇದು ಖರೇನಾ ಅಜ್ಜಿ," ಎಂದು ಕೇಳಿತು, "ಇದೂ ಸುಳ್ಳಾ?"

ಉಡಚಮ್ಮ ಖರೇ ಎಂದಳು. ಇನ್ನೊಮ್ಮೆ ಹೇಳಿದಳು. ಮಗು ನಿಂತಲ್ಲಿಂದ ಕದಲಲಿಲ್ಲ, ಕೈಯನ್ನು ತಲೆಯಿಂದ ತೆಗೆಯಲೂ ಇಲ್ಲ. ಬೀಬಿಜಾನ್ ಬಹಳ ಹೊತ್ತು ಕೈ ಚಾಚಿಯೇ ಇದ್ದಳು. ಆಮೇಲೆ ಬಿಸ್ಕತ್ತನ್ನು ಹೊಸ್ತಿಲ ಮೇಲೆ ಇಟ್ಟು, ಉಡಚಮ್ಮ ತಂದ ಕೂದಲನ್ನು ತೆಗೆದುಕೊಂಡು ರಾಶಿಗೆ ಸೇರಿಸಿದಳು.